ನೀರು ತುಂಬುವ ಹಬ್ಬದ ಮರುದಿನ

ಊರಿನ ಮನೆಯಲ್ಲಿದ್ದಾಗ ದೀಪಾವಳಿಯ ಹಿಂದಿನ ಸಂಜೆ ಅತ್ತೆ ಹಂಡೆ ಉಜ್ಜಿ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹಾಗಲಬಳ್ಳಿ ಸುತ್ತಿ ನೀರು ತುಂಬಿಸುತ್ತಿದ್ದರು. ಈಗ ನಾವಿರುವುದು ಹಾಸನದ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ. ಹಂಡೆಯೂ ಇಲ್ಲ, ಒಲೆಯೂ ಇಲ್ಲ. ಒಂದು ತಾಮ್ರದ ಬಿಂದಿಗೆಗೆ ಬಳ್ಳಿ ಸುತ್ತಿ ಶಾಸ್ತ್ರ ಮುಗಿಸುತ್ತೇವೆ. ಮರುದಿನ ಬೆಳಗಿನ ಜಾವ ಐದು ಜನರ ಎಣ್ಣೆ ಸ್ನಾನಕ್ಕೆ ನೀರು ಕಾಯಿಸಿ ಕೊಡುವುದು ಗ್ಯಾಸ್ ಗೀಸರ್.

ಕಳೆದ ದೀಪಾವಳಿಯಲ್ಲಿ ಆದದ್ದನ್ನೂ, ಆಮೇಲೆ ಒಂದೂವರೆ ತಿಂಗಳು ನಾವು ಓಡಾಡಿ ಸರಿ ಮಾಡಿಸಿದ್ದನ್ನೂ ಬರೆಯುತ್ತಿದ್ದೇನೆ. ನಮ್ಮಂಥದೇ ಬಾತ್‌ರೂಮು ಎಷ್ಟೋ ಮನೆಗಳಲ್ಲಿದೆ ಅಂತ ನನಗೆ ಗೊತ್ತು.

ನಮ್ಮ ಬಾತ್‌ರೂಮು ನಾಲ್ಕಡಿಗೆ ಆರಡಿ. ಮೇಲ್ಗಡೆ ಗಾಜಿನ ಪಟ್ಟಿಗಳ ಒಂದು ವೆಂಟಿಲೇಟರ್. ಅದರ ಪಕ್ಕದ ಗೋಡೆಗೆ ಗೀಸರ್. ಸಿಲಿಂಡರ್ ಹೊರಗೆ ಯುಟಿಲಿಟಿಯಲ್ಲಿ, ಗೋಡೆಯಲ್ಲಿ ತೂತು ಕೊರೆದು ಪೈಪ್ ಒಳಗೆ ತಂದಿದ್ದರು. ಸಿಲಿಂಡರ್ ಹೊರಗಿದೆ ಅನ್ನುವುದೇ ನಮಗೆ ದೊಡ್ಡ ಧೈರ್ಯ. ಹಾಸನದ ಚಳಿ ಗೊತ್ತಲ್ಲ, ವೆಂಟಿಲೇಟರ್‌ನಿಂದ ಮೈ ಮೇಲೆ ನೇರವಾಗಿ ಗಾಳಿ ಬೀಸುತ್ತಿತ್ತು. ಅದಕ್ಕೆ ರಟ್ಟು ಇಟ್ಟು ಟೇಪ್ ಹಚ್ಚಿ ಮುಚ್ಚಿದವಳು ನಾನೇ.

ಆ ದಿನ ಮೊದಲು ನಮ್ಮನೆಯವರು, ಆಮೇಲೆ ಮಗ, ಆಮೇಲೆ ನಾನು, ನಂತರ ಅತ್ತೆ. ಮಗಳು ಕೊನೆಗೆ. ಎಣ್ಣೆ, ಸೀಗೆಪುಡಿ, ತಲೆಗೂದಲು ಅಂದ ಮೇಲೆ ಒಬ್ಬೊಬ್ಬರಿಗೂ ಕಾಲು ಗಂಟೆಯ ಮೇಲೇ ಹಿಡಿಯಿತು. ಗೀಸರ್ ಆರಿದ್ದೇ ಕಡಿಮೆ. 20 ನಿಮಿಷ ಆದ ಮೇಲೆ ತಾನಾಗಿಯೇ ಆರುವ ಏರ್ಪಾಡು ನಮ್ಮ ಗೀಸರ್‌ನಲ್ಲಿತ್ತು. ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಹೊಸದಾಗಿ 20 ನಿಮಿಷ ಉರಿಯುತ್ತದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಏರ್ಪಾಡು ಯಾಕಿದೆ ಅಂತ ಮಾತ್ರ ಯಾರೂ ಯೋಚಿಸಿರಲಿಲ್ಲ.

ನಾನು ಸ್ನಾನ ಮುಗಿಸಿ ಬಂದಾಗ ಕಣತಲೆ ಸಿಡಿಯುತ್ತಿತ್ತು. ಅತ್ತೆ ಹೊರಗೆ ಬಂದವರೇ, “ತಲೆ ಭಾರ ಕಣಮ್ಮ, ಎಣ್ಣೆ ಚೆನ್ನಾಗಿ ಇಳಿದಿದೆ, ಸ್ವಲ್ಪ ಹೊತ್ತು ಮಲಗ್ತೀನಿ” ಅಂದರು. ಎಣ್ಣೆ ನೀರು ಹಾಕಿಕೊಂಡರೆ ಸುಸ್ತು, ನಿದ್ದೆ ಬರುವುದು ನಮಗೆಲ್ಲ ರೂಢಿ ಅಲ್ವಾ? ಹಬ್ಬದ ದಿನ ಹಾಗೆ ಮಲಗುವುದೂ ಒಂದು ಸುಖವೇ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಈಗ ಯೋಚಿಸಿದರೆ ಅದಕ್ಕೂ ಒಂದು ತಿಂಗಳ ಮುಂಚಿನಿಂದ, ಅಂದರೆ ನಾನು ರಟ್ಟು ಹಚ್ಚಿದ ಮೇಲಿನಿಂದ, ತಲೆಗೆ ನೀರು ಹಾಕಿಕೊಂಡ ದಿನವೆಲ್ಲ ನನಗೆ ತಲೆನೋವು ಬರುತ್ತಿತ್ತು.

ಮಗಳು ಒಳಗೆ ಹೋಗಿ ಹತ್ತು ಹನ್ನೆರಡು ನಿಮಿಷ ಆಗಿರಬೇಕು. ಚೊಂಬು ಬಿದ್ದ ಸದ್ದು ಕೇಳಿಸಿತು. ನೀರು ಸುರಿಯುತ್ತಲೇ ಇತ್ತು. ಕೂಗಿದೆ, ಉತ್ತರ ಇಲ್ಲ. ಬಾಗಿಲು ಬಡಿದರೂ ಉತ್ತರ ಇಲ್ಲ. ನಮ್ಮನೆಯವರು ಎರಡು ಸಲ ಭುಜ ಕೊಟ್ಟು ತಳ್ಳಿದ ಮೇಲೆ ಚಿಲಕ ಕಿತ್ತು ಬಂತು. ಮಗಳು ಗೋಡೆಗೆ ಒರಗಿ ಕುಸಿದು ಕೂತಿದ್ದಳು. ಕಣ್ಣು ಅರ್ಧ ತೆರೆದಿತ್ತು. ಏನೋ ಹೇಳಲು ನೋಡುತ್ತಿದ್ದಳು, ಮಾತು ತೊದಲುತ್ತಿತ್ತು. ಕೈಕಾಲಲ್ಲಿ ಬಲವೇ ಇರಲಿಲ್ಲ. ಸೀರೆ ಸುತ್ತಿ ಎತ್ತಿಕೊಂಡು ಬಾಲ್ಕನಿಗೆ ತಂದೆವು. ಹೊರಗಿನ ಗಾಳಿ ತಾಗಿದ ಸ್ವಲ್ಪ ಹೊತ್ತಿಗೆ ವಾಂತಿ ಮಾಡಿದಳು. ಅತ್ತೆಯನ್ನೂ ಎಬ್ಬಿಸಿಕೊಂಡು ಆಸ್ಪತ್ರೆಗೆ ಓಡಿದೆವು.

ಡ್ಯೂಟಿಯಲ್ಲಿದ್ದವರು ಸಣ್ಣ ವಯಸ್ಸಿನ ಡಾಕ್ಟರ್. ಒದ್ದೆ ತಲೆ ನೋಡಿದವರೇ ಕೇಳಿದ್ದು ಮೂರು ಪ್ರಶ್ನೆ. ಸ್ನಾನಕ್ಕೆ ಹೋಗಿದ್ದಳಾ? ಗ್ಯಾಸ್ ಗೀಸರಾ? ಗೀಸರ್ ಬಾತ್‌ರೂಮಿನ ಒಳಗಿದೆಯಾ? ಅಷ್ಟು ಕೇಳಿ ಆಮ್ಲಜನಕದ ಮಾಸ್ಕ್ ಹಾಕಿಬಿಟ್ಟರು. ಅತ್ತೆಗೂ ಹಾಕಿದರು. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸುತ್ತಿತ್ತು. ಕೋವಿಡ್ ಕಾಲದಿಂದ ಆ ಲೆಕ್ಕ ನಮಗೆಲ್ಲ ಬಾಯಿಪಾಠ. “98 ಇದೆಯಲ್ಲ ಡಾಕ್ಟ್ರೇ” ಅಂದರು ನಮ್ಮನೆಯವರು, ಸ್ವಲ್ಪ ಸಮಾಧಾನದಿಂದ. ಆಗ ಡಾಕ್ಟರ್ ಹೇಳಿದ್ದು ನಾನು ಮರೆಯುವುದಿಲ್ಲ. ಇಲ್ಲಿ ಆ ಯಂತ್ರದ ಮಾತು ನಂಬಬಾರದು. ರಕ್ತದ ಹಿಮೋಗ್ಲೋಬಿನ್ ಹಿಡಿದುಕೊಂಡಿರುವುದು ಆಮ್ಲಜನಕವೋ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಯೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಎರಡನ್ನೂ ಒಂದೇ ಅಂತ ಎಣಿಸಿ ಒಳ್ಳೆಯ ಅಂಕಿ ತೋರಿಸುತ್ತದೆ.

ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದಂತೆ. ಮಾಮೂಲಿ ಗಾಳಿ ಉಸಿರಾಡುತ್ತಿದ್ದರೆ ಅದು ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆಯಲ್ಲಿ ಅಷ್ಟು ಇಳಿಯುತ್ತದೆ. ಮಾಸ್ಕ್ ಹಾಕಲು ಅವರು ಅಷ್ಟು ಅವಸರ ಮಾಡಿದ್ದು ಅದಕ್ಕೇ. ಸಂಜೆಯ ಹೊತ್ತಿಗೆ ಮಗಳು ಎದ್ದು ಕೂತು ಕಾಫಿ ಕೇಳಿದಳು. ನಾನು ಆಸ್ಪತ್ರೆಯ ಕಾರಿಡಾರಿಗೆ ಹೋಗಿ ಅತ್ತುಬಿಟ್ಟೆ. ಎರಡು ದಿನ ಇರಿಸಿಕೊಂಡು ಕಳಿಸಿದರು. ಮರೆವು, ನಡಿಗೆಯಲ್ಲಿ ವ್ಯತ್ಯಾಸ ಕೆಲವು ವಾರ ಬಿಟ್ಟು ಕಾಣಿಸಿಕೊಳ್ಳುವುದೂ ಉಂಟು, ಗಮನಿಸುತ್ತಿರಿ ಅಂತ ಹೇಳಿದ್ದರು. ದೇವರ ದಯೆ, ಅಂಥದ್ದು ಏನೂ ಆಗಲಿಲ್ಲ.

ಮನೆಗೆ ಬಂದ ಮೇಲೂ ನಮ್ಮನೆಯವರು ಒಂದೇ ಮಾತು ಹೇಳುತ್ತಿದ್ದರು: “ಗ್ಯಾಸ್ ವಾಸನೆ ಬರಲೇ ಇಲ್ಲವಲ್ಲ!” ನಾವೆಲ್ಲ ಎಡವಿದ್ದು ಇಲ್ಲೇ. ನಮಗೆ ಗ್ಯಾಸ್ ಅಂದರೆ ಸೋರುವ ಭಯ. ಸೋರಿದರೆ ವಾಸನೆ ಬರಲಿ ಅಂತಲೇ ಅಡುಗೆ ಗ್ಯಾಸಿಗೆ ಮರ್ಕ್ಯಾಪ್ಟನ್ ಅನ್ನುವ ನಾರುವ ವಸ್ತು ಬೆರೆಸಿರುತ್ತಾರೆ. ಆದರೆ ನಮ್ಮ ಮನೆಯಲ್ಲಿ ಗ್ಯಾಸ್ ಸೋರಿರಲಿಲ್ಲ. ಅದು ಉರಿದಿತ್ತು. ಗಾಳಿ ಸಾಲದೆ ಅರೆಬರೆ ಉರಿದ ಗ್ಯಾಸ್ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಅತ್ತೆಗೆ ಇದನ್ನು ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಬಚ್ಚಲು ಒಲೆ ಹೊಗೆ ಹಾಕಿದರೆ ಕಣ್ಣು ಉರೀತಿತ್ತು, ತಕ್ಷಣ ಬಾಗಿಲು ತೆಗೀತಿದ್ವಿ” ಅಂದರು. ಎಷ್ಟು ಸರಿಯಾದ ಮಾತು! ಆ ಹೊಗೆಯೇ ನಮ್ಮನ್ನು ಹೊರಗೆ ಓಡಿಸುತ್ತಿತ್ತು.

ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಕೂತು ಒಂದು ಲೆಕ್ಕ ಹಾಕಿದ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಹೆಚ್ಚುಕಡಿಮೆ 900 ಗ್ರಾಂ ಗ್ಯಾಸ್ ಬೇಕು. ಅಂದರೆ ಅಡುಗೆಮನೆಯ ದೊಡ್ಡ ಬರ್ನರ್ ಐದಾರನ್ನು ಒಟ್ಟಿಗೆ ಹಚ್ಚಿದ ಹಾಗೆ. ಒಂದು ಕಿಲೋ ಗ್ಯಾಸ್ ಸರಿಯಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ನಮ್ಮ ಬಾತ್‌ರೂಮಿನಲ್ಲಿ ಹಿಡಿಸುವ ಗಾಳಿಯೇ ಐದೂವರೆ ಘನ ಮೀಟರ್. ಕಾಲು ಗಂಟೆ ಸ್ನಾನಕ್ಕೆ ಸುಮಾರು ಅರ್ಧ ಬಾತ್‌ರೂಮಿನ ಗಾಳಿ ಉರಿಗೇ ಹೋಗುತ್ತದೆ. ನಾವು ಐದು ಜನ, ಕಿಟಕಿಗೆ ರಟ್ಟು. ಆ ಕಾಗದ ನೋಡಿದ ಮೇಲೆ ಮಗಳು ಬದುಕಿದ್ದೇ ಹೆಚ್ಚು ಅನ್ನಿಸಿತು.

ಅಟ್ಟದಿಂದ ಗೀಸರ್‌ನ ಡಬ್ಬಿ ಇಳಿಸಿದೆ. ಒಳಗೆ ಪುಸ್ತಕ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಹಾಗೇ ಇತ್ತು. ಮುಚ್ಚಿದ ಬಾತ್‌ರೂಮಿನ ಒಳಗೆ ಹಾಕಬಾರದು, ಹೊರಗೆ ಗಾಳಿಯಾಡುವ ಜಾಗದಲ್ಲಿ ಹಾಕಬೇಕು, ಬಿಸಿನೀರನ್ನು ಮಾತ್ರ ಪೈಪಿನಲ್ಲಿ ಒಳಗೆ ತರಬೇಕು ಅಂತ ಎರಡನೇ ಪುಟದಲ್ಲೇ ಚಿತ್ರ ಸಮೇತ ಇತ್ತು. ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಒಂದು ಸಾಲೂ ಇಲ್ಲ. ಗೀಸರ್ ಹಾಕಿ ಹೋದವನು ಅಂಗಡಿಯವರು ಕಳಿಸಿದ ಪ್ಲಂಬರ್. ಅವನ ಮೇಲೆ ಪೂರ್ತಿ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಅವನಿಗೆ ಯಾರೂ ಕಲಿಸಿಲ್ಲ. ನೀರು ಸೋರದಿದ್ದರೆ ಕೆಲಸ ಚೆನ್ನಾಗಿ ಆಯಿತು ಅಂತ ಅವನ ಲೆಕ್ಕ, ನಮ್ಮದೂ ಅದೇ ಲೆಕ್ಕ.

ಗ್ಯಾಸ್ ಏಜೆನ್ಸಿಗೆ ಹೋಗಿ ಮನೆಗೆ ಬಂದು ತಪಾಸಣೆ ಮಾಡಿ ಅಂತ ಕೇಳಿದೆವು. ಐದು ವರ್ಷಕ್ಕೊಮ್ಮೆ ಮಾಡಿಸಲೇಬೇಕಾದದ್ದು ಇದು. ನಮ್ಮದು ಏಳು ವರ್ಷದಿಂದ ಆಗಿರಲಿಲ್ಲ. ಜಿಎಸ್‌ಟಿ ಸೇರಿ 236 ರೂಪಾಯಿ, ರಸೀತಿ ಕೊಟ್ಟರು. ಇಷ್ಟು ವರ್ಷ ಯಾರಾದರೂ ತಪಾಸಣೆ ಅಂತ ಬಾಗಿಲು ತಟ್ಟಿದರೆ ಸುಮ್ನೆ ದುಡ್ಡು ಕೀಳೋಕೆ ಬಂದಿದ್ದಾರೆ ಅಂತ ಕಳಿಸುತ್ತಿದ್ದೆ. ನಕಲಿ ಗುರುತು ಚೀಟಿ ಹಾಕಿಕೊಂಡು ಬರುವವರೂ ಇರುವುದರಿಂದ ಅನುಮಾನ ಪಡುವುದು ತಪ್ಪಲ್ಲ. ಏಜೆನ್ಸಿಗೆ ಫೋನ್ ಮಾಡಿ ಕೇಳಿದರೆ ಆಯಿತು. ನಾನು ಅಷ್ಟೂ ಮಾಡಿರಲಿಲ್ಲ.

ಬಂದ ಮೆಕ್ಯಾನಿಕ್ ಐವತ್ತು ದಾಟಿದವರು, ನಿಧಾನಸ್ಥರು. ಮೊದಲು ಅಡುಗೆಮನೆ ನೋಡಿದರು. ಕಿತ್ತಳೆ ಬಣ್ಣದ ಸುರಕ್ಷಾ ಹೋಸ್‌ಗೆ ನಾನು ಚೆಂದಕ್ಕೆ ಅಂತ ಬಟ್ಟೆಯ ಕವರ್ ಹೊಲಿದು ಹಾಕಿದ್ದೆ. ಅದನ್ನು ಬಿಚ್ಚಿ, ಮೇಲೆ ಅಚ್ಚಾಗಿದ್ದ ವರ್ಷ ತೋರಿಸಿದರು. ಐದು ವರ್ಷಕ್ಕೆ ಬದಲಾಯಿಸಬೇಕಾದ ಹೋಸ್ ಏಳನೇ ವರ್ಷದಲ್ಲಿತ್ತು. ಬಗ್ಗಿಸಿದಾಗ ಒಲೆಯ ಕಡೆ ತುದಿಯಲ್ಲಿ ಸಣ್ಣ ಸಣ್ಣ ಬಿರುಕು ಕಾಣಿಸಿತು. ಕವರ್ ಹಾಕಿದರೆ ಈ ಬಿರುಕು ಹೇಗಮ್ಮ ಕಾಣುತ್ತೆ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೋಪಿನ ನೀರು ಹಚ್ಚಿ ಪ್ರತಿ ಜೋಡಣೆಯಲ್ಲೂ ಗುಳ್ಳೆ ಬರುತ್ತದಾ ನೋಡಿದರು. ಕಡ್ಡಿ ಗೀರಿ ಸೋರಿಕೆ ನೋಡುವವರನ್ನು ಮನೆ ಒಳಗೇ ಬಿಡಬೇಡಿ ಅಂದರು. ಸಿಲಿಂಡರ್‌ನ ಕತ್ತಿನ ಹತ್ತಿರದ ಪಟ್ಟಿಯ ಒಳಗಡೆ ಒಂದು ಅಕ್ಷರ, ಎರಡು ಅಂಕಿ ಇರುತ್ತವೆ. ಎ ಅಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಪಕ್ಕದ ಅಂಕಿ ವರ್ಷ. ಆ ಅವಧಿ ಮುಗಿದ ಸಿಲಿಂಡರ್ ಬಂದರೆ ವಾಪಸ್ ಕಳಿಸಬಹುದು. ಇಪ್ಪತ್ತು ವರ್ಷ ಸಿಲಿಂಡರ್ ಇಳಿಸಿಕೊಂಡ ನನಗೆ ಇದು ಹೊಸ ವಿಷಯ.

ಆಮೇಲೆ ಯುಟಿಲಿಟಿಗೆ ಬಂದರು. ಅಲ್ಲಿ ಒಂದರ ಮೇಲೊಂದು ತಪ್ಪು. ಗೀಸರ್‌ನ ಪೈಪ್ ಎರಡೂವರೆ ಮೀಟರ್ ಇತ್ತು, ಒಂದೂವರೆ ಮೀಟರ್ ದಾಟಬಾರದು. ಅದು ಗೋಡೆಯೊಳಗಿಂದ ಹೋಗಿತ್ತು, ಹಾಗೂ ಹೋಗಬಾರದು. ಗೋಡೆಯ ಒಳಗೆ ಇಲಿ ಕಡಿದರೂ, ಬಿರುಕು ಬಿಟ್ಟರೂ ಕಾಣುವುದಿಲ್ಲ. ರೆಗ್ಯುಲೇಟರ್ ಬೀದಿ ಅಂಗಡಿಯದು. ಸಿಲಿಂಡರ್ ಪಕ್ಕದಲ್ಲೇ ನೀರು ಹೋಗುವ ಮೋರಿಯ ಬಾಯಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ಸೇರುತ್ತದೆ, ಮೋರಿಯೊಳಗೆ ಇಳಿದರೆ ಎಲ್ಲಿ ಹೋಗಿ ಕಿಡಿ ಸಿಗುತ್ತದೋ ಹೇಳಲಾಗುವುದಿಲ್ಲ ಅಂದರು. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ ಅಂತ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ನಂಬರ್ ಬರೆದೇ ಹೋದರು.

ಅವರ ಹಾಳೆಯನ್ನು ನಾನು ಓದಿದೆ. ಒಲೆ, ಹೋಸ್, ರೆಗ್ಯುಲೇಟರ್, ಸಿಲಿಂಡರ್ ಇಟ್ಟ ಜಾಗ, ಎಲ್ಲ ಇತ್ತು. ಬಾತ್‌ರೂಮಿಗೆ ಗಾಳಿ ಎಲ್ಲಿಂದ ಬರುತ್ತದೆ ಅಂತ ಕೇಳುವ ಸಾಲು ನನಗೆ ಅದರಲ್ಲಿ ಕಾಣಲಿಲ್ಲ. ಅದನ್ನು ಅವರು ತಮ್ಮ ತಿಳಿವಳಿಕೆಯಿಂದಲೇ ಹೇಳಿದರು: “ಗೀಸರ್ ಒಳಗಿದ್ದರೆ ನಾನು ಪೈಪ್ ಎಷ್ಟು ಸರಿ ಮಾಡಿದರೂ ಪ್ರಯೋಜನ ಇಲ್ಲಮ್ಮ. ಅದು ಹೊರಗೆ ಬರಬೇಕು.”

ಹೊರಗೆ ತರುವುದಕ್ಕೆ ಮನೆ ಓನರ್ ಒಪ್ಪಬೇಕಲ್ಲ. ಅವರು ಕೆಳಗಿನ ಮನೆಯಲ್ಲೇ ಇದ್ದಾರೆ, ಒಳ್ಳೆಯವರು. ಆದರೆ ಟೈಲ್ಸ್ ಒಡೆಯುವುದು ಅಂದರೆ ಸಂಕಟ. “ಎಲ್ಲರ ಮನೇಲೂ ಹಂಗೇ ಇರೋದು ಕಣಮ್ಮ, ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ. ಒಂದು ಎಗ್ಸಾಸ್ಟ್ ಫ್ಯಾನ್ ಹಾಕಿಸ್ಕೊಳ್ಳಿ” ಅಂದರು. ನನಗೂ ಒಂದು ಕ್ಷಣ ಅದೇ ಸುಲಭ ಅನ್ನಿಸಿತು. ಆದರೆ ಫ್ಯಾನ್ ಗಾಳಿಯನ್ನು ಹೊರಗೆ ಎಳೆಯಬೇಕಾದರೆ ಒಳಗೆ ಬರಲು ದಾರಿ ಬೇಕು. ಬಾಗಿಲ ಕೆಳಗೆ ಸಂದು ಇಲ್ಲದ ಬಾತ್‌ರೂಮಿನಲ್ಲಿ ಆ ದಾರಿ ಎಲ್ಲಿದೆ? ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ. ಗೀಸರ್ ಮಾತ್ರ ಎರಡು ಬ್ಯಾಟರಿ ಸೆಲ್‌ನಲ್ಲಿ ಹತ್ತಿಕೊಂಡು ಉರಿಯುತ್ತಲೇ ಇರುತ್ತದೆ.

ಆ ರಾತ್ರಿ ನನ್ನ ತಂಗಿಗೆ ಫೋನ್ ಮಾಡಿದ್ದೆ. ಅವಳು ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ಅಲ್ಲಿ ಮನೆ ಮಾಲೀಕರು ಪ್ರತಿ ವರ್ಷ ಗ್ಯಾಸ್ ಸೇಫ್ ಪಟ್ಟಿಯಲ್ಲಿ ಹೆಸರಿರುವವರಿಂದಲೇ ತಪಾಸಣೆ ಮಾಡಿಸಿ, ಅದರ ಪ್ರತಿಯನ್ನು ಬಾಡಿಗೆಯವರ ಕೈಗೆ ಕೊಡಬೇಕು. ಆ ಪಟ್ಟಿಯಲ್ಲಿ ಇಲ್ಲದವರು ಗ್ಯಾಸ್ ಕೆಲಸ ಮಾಡುವುದೇ ಕಾನೂನಿಗೆ ವಿರುದ್ಧ. ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕುವುದು 2022ರ ಅಕ್ಟೋಬರ್‌ನಿಂದ ಅಲ್ಲಿನ ಮಾಲೀಕರ ಜವಾಬ್ದಾರಿ. “ಅಕ್ಕಾ, ಇಲ್ಲಿ ಬಾಯ್ಲರ್ ಮುಚ್ಚಳ ಮುಟ್ಟೋಕೂ ನನಗೆ ಬಿಡಲ್ಲ” ಅಂದಳು. ನಮ್ಮಲ್ಲಿ ಡ್ರಿಲ್ ಇದ್ದವರೆಲ್ಲ ಗೀಸರ್ ಹಾಕುತ್ತಾರೆ.

ಮರುದಿನ ಓನರ್ ಅಂಕಲ್‌ಗೆ ಆಸ್ಪತ್ರೆಯ ಚೀಟಿ ತೋರಿಸಿದೆ. ಅದರಲ್ಲಿ ಡಾಕ್ಟರ್ ಕಾರಣ ಬರೆದಿದ್ದರು. ಅವರು ಓದಿ, ಕನ್ನಡಕ ತೆಗೆದು, “ಮಗೂಗೆ ಇದರಿಂದಲೇ ಆಗಿದ್ದಾ? ನಾನು ಲೋ ಬಿಪಿ ಅಂದ್ಕೊಂಡಿದ್ದೆ” ಅಂದರು. ಆಮೇಲೆ ಟೈಲ್ಸ್ ಮಾತು ಬರಲಿಲ್ಲ. ಅರ್ಧ ಖರ್ಚು ತಾವೇ ಕೊಟ್ಟರು.

ಗೀಸರ್ ಕಂಪನಿಯ ಸರ್ವಿಸ್‌ನವರನ್ನೇ ಕರೆಸಿದೆವು. ಮುಚ್ಚಳ ಬಿಚ್ಚಿದಾಗ ಒಳಗೆ ಬರ್ನರ್ ಮೇಲೆ ಧೂಳು, ಜೇಡರ ಬಲೆ, ಮೇಲಿನ ತಗಡಿನ ಪದರಗಳಿಗೆ ಕರಿ ಹಿಡಿದಿತ್ತು. ಉರಿ ನೀಲಿಯಾಗಿರಬೇಕು, ನಮ್ಮದು ತುದಿಯಲ್ಲಿ ಹಳದಿ. ಹಳದಿ ಉರಿ, ಮಸಿ ಎರಡೂ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ ಅನ್ನುವುದರ ಗುರುತು. ವರ್ಷಕ್ಕೊಮ್ಮೆ ಶುಚಿ ಮಾಡಿಸಿ ಅಂದರು. ಯುಟಿಲಿಟಿಯ ಗೋಡೆಗೆ, ಮೂರು ಕಡೆ ಗ್ರಿಲ್ ಇರುವಲ್ಲಿ, ಬಾತ್‌ರೂಮಿನ ವೆಂಟಿಲೇಟರ್‌ನಿಂದ ದೂರಕ್ಕೆ ಗೀಸರ್ ಹಾಕಿದರು. ವೆಂಟಿಲೇಟರ್ ಪಕ್ಕದಲ್ಲೇ ಹಾಕಿದ್ದರೆ ಸುಟ್ಟ ಗಾಳಿ ಮತ್ತೆ ಒಳಗೇ ಬರುತ್ತಿತ್ತು. ಬಿಸಿನೀರಿಗೆ ಸಿಪಿವಿಸಿ ಪೈಪ್. ಮಾಮೂಲಿ ಪಿವಿಸಿ ಆ ಬಿಸಿಗೆ ತಡೆಯುವುದಿಲ್ಲ. ಸಿಲಿಂಡರನ್ನು ಮೋರಿಯಿಂದ ದೂರ ಇಟ್ಟು, ಒಂದೂವರೆ ಮೀಟರ್ ಒಳಗೆ ಹೊಸ ಹೋಸ್ ಹಾಕಿ, ಬೀದಿ ಅಂಗಡಿಯ ರೆಗ್ಯುಲೇಟರ್ ಎಸೆದು ಏಜೆನ್ಸಿಯಿಂದ ತಂದದ್ದನ್ನು ಜೋಡಿಸಿದೆವು. ಹಳೆಯ ತೂತನ್ನು ಸಿಮೆಂಟ್ ಹಾಕಿ ಮುಚ್ಚಿದೆವು. ರಟ್ಟನ್ನು ನಾನೇ ಕಿತ್ತು ಬಿಸಾಡಿದೆ. ಎಲ್ಲ ಸೇರಿ 3,400 ರೂಪಾಯಿ ಆಯಿತು. ಮಳೆಗಾಲದಲ್ಲಿ ಎರಚಲು ಹೊಡೆಯುತ್ತೆ ಅಂತ ಗ್ರಿಲ್‌ಗೆ ಪ್ಲಾಸ್ಟಿಕ್ ಶೀಟ್ ಮುಚ್ಚುವ ಯೋಚನೆ ಓನರ್‌ಗೆ ಇತ್ತು. ಮುಚ್ಚಿದರೆ ಯುಟಿಲಿಟಿಯೂ ಇನ್ನೊಂದು ಬಾತ್‌ರೂಮೇ ಆಗುತ್ತೆ ಅಂತ ಹೇಳಿ ಬಿಡಿಸಿದ್ದೇನೆ.

ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಕೊಂಡೆವು. ಅಂಗಡಿಯಲ್ಲಿ ಗ್ಯಾಸ್ ಅಲಾರಂ ಕೊಡಿ ಅಂದಾಗ ಕೊಟ್ಟಿದ್ದು ಎಲ್‌ಪಿಜಿ ಸೋರಿಕೆ ಹಿಡಿಯುವುದು. ಅದನ್ನು ನೆಲದ ಹತ್ತಿರ ಹಾಕಬೇಕು, ಅದಕ್ಕೆ ಕಾರ್ಬನ್ ಮಾನಾಕ್ಸೈಡ್ ಗೊತ್ತಾಗುವುದಿಲ್ಲ. ಕೇಳುವಾಗ ಕಾರ್ಬನ್ ಮಾನಾಕ್ಸೈಡ್ ಅಂತ ಬಿಡಿಸಿ ಹೇಳಿ, ಡಬ್ಬಿಯ ಮೇಲೆ ಓದಿ ತೆಗೆದುಕೊಳ್ಳಿ.

ನಮ್ಮ ಬೀದಿಯಲ್ಲಿ ನನಗೆ ಪರಿಚಯ ಇರುವ ಒಂಬತ್ತು ಮನೆಗೆ ಹೋಗಿ ಕೇಳಿದೆ. ಐದು ಮನೆಯಲ್ಲಿ ಗೀಸರ್ ಬಾತ್‌ರೂಮಿನ ಒಳಗೇ ಇದೆ. ಇಬ್ಬರು ಆಗಲೇ ಹೊರಗೆ ಹಾಕಿಸಿದರು. ಇಬ್ಬರು ನೋಡೋಣ ಅಂದಿದ್ದಾರೆ. ಅವರಿಗೆ ಅಲ್ಲಿಯವರೆಗೆ ಮೊದಲು ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ ಅಂತ ಹೇಳಿಕೊಟ್ಟಿದ್ದೇನೆ. ಅದು ಹೊರಗೆ ಹಾಕಿಸಿದ್ದಕ್ಕೆ ಸಮ ಅಲ್ಲ, ಅದನ್ನೂ ಹೇಳಿದ್ದೇನೆ.

ಐದನೆಯದು ಮೂಲೆಮನೆ ಅಜ್ಜಿಯವರದು. ಅವರ ಮೊಮ್ಮಗಳು ಬಾಣಂತನಕ್ಕೆ ಬರುತ್ತಿದ್ದಾಳೆ. ಬಾಣಂತಿಗೆ ಗಾಳಿ ತಾಗಬಾರದು ಅಂತ ಬಾತ್‌ರೂಮಿನ ಪ್ರತಿ ಸಂದನ್ನೂ ಮುಚ್ಚಿ, ಮೈ ಕಾಯುವಷ್ಟು ಹೊತ್ತು ಬಿಸಿನೀರು ಹುಯ್ಯುವುದು, ಅಲ್ಲೇ ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎರೆಯುವುದು. ನನಗೆ ಆ ಮಾತು ಕೇಳಿಯೇ ಎದೆ ಝಲ್ಲೆಂದಿತು. ಅಜ್ಜಿ ಮೊದಲು ಒಪ್ಪಲಿಲ್ಲ, “ನಾನು ಹತ್ತು ಬಾಣಂತನ ಮಾಡಿದೀನಿ” ಅಂದರು. ಹೌದು ಅಜ್ಜಿ, ಹಂಡೆ ಒಲೆಯಲ್ಲಿ ಮಾಡಿದ್ದೀರಿ, ಉರಿ ಆಚೆ ಕಡೆ ಇತ್ತು, ಬಿಸಿನೀರು ಮಾತ್ರ ಈಚೆ ಬರುತ್ತಿತ್ತು, ಈಗಲೂ ಹಾಗೇ ಮಾಡೋಣ ಅಂದೆ. ಅದು ಅವರಿಗೆ ಒಪ್ಪಿಗೆಯಾಯಿತು. ಮೊಮ್ಮಗಳು ಬರುವುದು ಮುಂದಿನ ತಿಂಗಳು. ಸರ್ವಿಸ್‌ನವರು ಗುರುವಾರ ಬರುತ್ತಾರೆ, ಗೋಡೆ ಗುರುತು ಮಾಡುವಾಗ ನಾನೂ ಹೋಗಿ ನಿಲ್ಲುತ್ತೇನೆ.